ನಲವತ್ತಾರನೆಯ ಸಾಲು

ಅಂಚೆಯಲ್ಲಿ ಬಂತು. ಮೇಲೆ ಓಸ್ಲೋದ ಮುದ್ರೆ, ಒಳಗೆ ಚೀನೀ ಪುಸ್ತಕ.
ಹಿಂದು ಮುಂದು ತಿಳಿಯದೆ ತಲೆಕೆಳಗಾಗಿಯೇ ಹಿಡಿದಿದ್ದೆ
ಸ್ವಲ್ಪ ಹೊತ್ತು. ಪ್ರತಿ ಅಕ್ಷರವೂ ಒಂದು ಮನೆ;
ಕಿಟಕಿ, ಜಂತೆ, ಮೆತ್ತು, ಮೆಟ್ಟಿಲು ಎಲ್ಲ ಇದ್ದು
ಬಾಗಿಲು ಮಾತ್ರ ಇಲ್ಲದ್ದು.

ಜೊತೆಗೊಂದು ಚೀಟಿ, ರಾಗ್ನಿಲ್ಡ್ ಕೈಬರಹದಲ್ಲಿ:
ನಮ್ಮ ಚಿಕ್ಕಮಗಳೂರನ್ನು ಈಗ ಚೆಂಗ್ಡುವಿನಲ್ಲೂ ಓದುತ್ತಾರೆ.
ನೀನಿಲ್ಲದೆ ಇದು ಆಗುತ್ತಿರಲಿಲ್ಲ.

ಹೌದು. ನಾನಿಲ್ಲದೆ ಆಗುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ. ದಿನಕ್ಕೆ ಮುನ್ನೂರು ರೂಪಾಯಿ,
ಮಧ್ಯಾಹ್ನದ ಊಟ, ಆಟೋ ಖರ್ಚು ಬೇರೆ.
ಎಂ.ಎ. ಸಮಾಜಶಾಸ್ತ್ರ, ಇಸ್ತ್ರಿ ಮಾಡಿದ ಚೂಡಿದಾರ.
ಕ್ಯೂರಿಂಗ್ ವರ್ಕ್ಸಿನ ಗೋದಾಮಿನಲ್ಲಿ
ಅವಳ ಎಡಕ್ಕೆ ನಾನು, ನನ್ನ ಎಡಕ್ಕೆ ರೈಟರು,
ಎದುರಿಗೆ ಸಾಲಾಗಿ ಕೂತು ಕಾಫಿ ಆರಿಸುವ ಹೆಂಗಸರು.
ಕಪ್ಪು ಒಂದು ಕಡೆ, ಒಡಕು ಒಂದು ಕಡೆ,
ಪೀಬೆರಿ ಇನ್ನೊಂದು ಕಡೆ.
ರಾಗ್ನಿಲ್ಡ್ ಅನ್ನಲು ನಾಲಿಗೆ ಹೊರಳದೆ
ಅವರೆಲ್ಲ ಅವಳನ್ನು ರಾಗಿಯಮ್ಮ ಅಂದರು.

ರಾಗಿಯಮ್ಮನ ಸೀಮೆಯಲ್ಲಿ ಹೊತ್ತಿಗೂ ಲೆಕ್ಕವಂತೆ:
ದುಡಿದದ್ದಿಷ್ಟು, ಬೇಯಿಸಿದ್ದಿಷ್ಟು, ಮಲಗಿದ್ದಿಷ್ಟು.
ಕೊನೆಗೊಂದು ಪ್ರಶ್ನೆ,
ದಿನದಲ್ಲಿ ನಿಮ್ಮದೇ ಅನ್ನುವ ಹೊತ್ತು ಎಷ್ಟು?

ದೇವೀರಕ್ಕ ಕೈ ನಿಲ್ಲಿಸಲಿಲ್ಲ.
"ಉಚ್ಚೆ ಹೊಯ್ಯೋಕೆ ಹೋದಷ್ಟು ಹೊತ್ತು ಕಣವ್ವ.
ಅದೂ ಈವಯ್ಯ ಬಾಗಿಲಲ್ಲಿ ನಿಂತು ಎಣಿಸದೆ ಇದ್ದರೆ."

ಮೊರದ ಸದ್ದು ನಿಂತಿತು. ರೈಟರು ನೆಲ ನೋಡಿದರು.
ರಾಗಿಯಮ್ಮ ನನ್ನನ್ನು ನೋಡಿದಳು, ಪೆನ್ನು ತೆರೆದು.
ನನಗೆ ಇಪ್ಪತ್ತಮೂರು. ಅಪ್ಪ ಹೈಸ್ಕೂಲು ಹೆಡ್‌ಮಾಸ್ಟರು.
ನಮ್ಮ ಮನೆಯಲ್ಲಿ ಅದಕ್ಕೆ 'ಒಂದಕ್ಕೆ' ಅನ್ನುತ್ತಿದ್ದರು,
ಅದೂ ಬಾಯಲ್ಲಲ್ಲ, ಬೆರಳಲ್ಲಿ.
ನಾನಂದೆ, ಚೊಕ್ಕ ಇಂಗ್ಲಿಷಿನಲ್ಲಿ:
ಮಧ್ಯಾಹ್ನ ಹದಿನೈದು ನಿಮಿಷ ವಿಶ್ರಾಂತಿ ಇದೆ ಅನ್ನುತ್ತಾರೆ.

ಆ ಹದಿನೈದು ನಿಮಿಷ ವಿಮಾನ ಹತ್ತಿತು.
ನಾರ್ವೆಯ ನುಡಿಗೆ ಹೋಯಿತು, ಕೋಷ್ಟಕದಲ್ಲಿ ಕೂತಿತು,
ಸರಾಸರಿಯಲ್ಲಿ ಕರಗಿತು,
ಯಾವುದೋ ಸಭೆಯ ಬಿಳಿ ಪರದೆಯ ಮೇಲೆ ಬಿತ್ತು,
ಈಗ ಚೀನೀ ಕಲಿತು ಊರಿಗೆ ಬಂದಿದೆ.

ಉಪ್ಪಳ್ಳಿಯ ಮನೆಯಲ್ಲಿ ದೇವೀರಕ್ಕ ಹಲಸಂದೆ ಆರಿಸುತ್ತಿದ್ದಳು.
ಬಣ್ಣ ನೋಡುವ ಮಿಷಿನು ಬಂದ ಮೇಲೆ
ಅವರನ್ನೆಲ್ಲ ಮನೆಗೆ ಕಳಿಸಿದರು;
ಬೆರಳುಗಳಿಗೆ ಯಾರೂ ಹೇಳಿಲ್ಲ.

ಪುಟದ ಮೇಲೆ ಫೋನು ಹಿಡಿದೆ. ಅಕ್ಷರಗಳು ನಡುಗಿ
ಒಂದೊಂದಾಗಿ ಕನ್ನಡವಾಗಿ ಎದ್ದವು:
ಉತ್ತರದಾತೆ ೪೬. ಮಧ್ಯಾಹ್ನದ ವಿಶ್ರಾಂತಿ: ೧೫ ನಿಮಿಷಗಳು.
ಇಷ್ಟು ದೂರ ಹೋಗಿ ಬಂದರೂ ಒಂದು ಕಾಳು ಚೆಲ್ಲಿಲ್ಲ.
ಚೆಲ್ಲಿದ್ದು ಇಲ್ಲೇ, ಮೊದಲ ಮಾರಿನಲ್ಲಿ.

"ನನ್ನ ಹೆಸರೆಲ್ಲಿ?"
ಹೆಸರು ಹಾಕಬಾರದು ಅಂತ ಅವರ ನೇಮ.
"ಮತ್ತೆ ಇದು ನಾನೇ ಅಂತ ನಿಂಗೆ ಹೆಂಗೆ ಗೊತ್ತು?"
ಹೇಳಿದೆ. ಆ ಹದಿನೈದು ನನ್ನದು ಅಂತ.

ನಕ್ಕಳು, ಕೆಮ್ಮು ಬರುವವರೆಗೆ.
"ಹದಿನೈದು ನಿಮಿಷ! ಯಾರಪ್ಪನ ಮನೆಯಿಂದ ತಂದುಕೊಟ್ಟೆ ತಾಯಿ?
ನಂಗೂ ಒಂದು ಮಾತು ಹೇಳಿದ್ದರೆ
ಕಾಲು ಚಾಚಿ ಕೂತಾದರೂ ಇರುತ್ತಿದ್ದೆ."

ಆಮೇಲೆ ನಗು ಇರಲಿಲ್ಲ.
ಮೊರ ಕುಟ್ಟಿದಳು. ಹುಳುಕು ಹಾರಿ ಅಂಗಳಕ್ಕೆ.
"ಅದಕ್ಕೆ ಚೀನಾದೋರು ಏನಂತಾರೆ, ಕೇಳು ನಿನ್ನ ಫೋನ್ನ."

ಕೇಳಿದೆ. ಒಬ್ಬ ಹೆಂಗಸಿನ ದನಿ, ಸ್ಫುಟವಾಗಿ, ನಾಚದೆ:
ನ್ಯಾವ್.
"ಬೆಕ್ಕು ಕೂಗ್ದಂಗೈತಲ್ಲ!"
ನ್ಯಾವ್, ಅಂದಳು ದೇವೀರಕ್ಕ. ಇನ್ನೊಮ್ಮೆ.
ಗಟ್ಟಿಯಾಗಿ, ಬೀದಿಗೆ ಕೇಳುವಂತೆ.

ಇನ್ನೂರ ಹದಿನಾಲ್ಕನೆಯ ಪುಟ. ಕೋಷ್ಟಕದ ಅಂಚು.
ಅವಳ ಮೊಮ್ಮಗನ ಪೆನ್ಸಿಲ್ಲು, ತುದಿ ಮೊಂಡು.
ಎರಡೇ ಅಕ್ಷರ, ಕನ್ನಡದಲ್ಲಿ.
ಒತ್ತಿ ಬರೆದೆ.
ಮುಂದಿನ ಪುಟದಲ್ಲೂ ಗುರುತು ಬಿದ್ದಿದೆ.