ಜಾವಕ ಸಂಖ್ಯೆ ೨೧೪

ತೊಕ್ಕೊಟ್ಟಿನ ಮೇಲ್ಸೇತುವೆಯ ಬದಿಗೆ,
ಮೊಬೈಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ನಮ್ಮ ಶಾಸಕರ ಕಚೇರಿ.
ಹನ್ನೊಂದು ವರ್ಷದಿಂದ ಅಲ್ಲಿ ಕುಳಿತು
ಅವರ ಪರವಾಗಿ ನಾನು ವಿಷಾದಿಸುತ್ತೇನೆ,
ಅವರ ಪರವಾಗಿ ಹರ್ಷಿಸುತ್ತೇನೆ.
ಮದುವೆಗೆ ಶುಭ, ಬೊಜ್ಜಕ್ಕೆ ಸಂತಾಪ,
ಉಳಿದದ್ದಕ್ಕೆಲ್ಲ 'ಪರಿಶೀಲಿಸಲಾಗುವುದು'.

ಆ ಆಟಿಯಲ್ಲಿ ಬಂದವು ಕಾರ್ಡುಗಳು.
ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ಕಟ್ಟು,
ಬಿಚ್ಚಿದರೆ ಹೊಗೆಸೊಪ್ಪಿನ ಘಾಟು.
ಜವಾನ ಐತಪ್ಪ ಮೂರು ಸಲ ಸೀನಿ ಹೇಳಿದ:
"ಬೀಡಿ ಮಸೂದೆಯದ್ದೇ. ಓದುವುದೇನೂ ಬೇಡ."

ಮಸೂದೆ ಇನ್ನೂ ಸದನದ ಮೇಜಿನ ಮೇಲಿತ್ತು.
ಇಪ್ಪತ್ತೇಳು ಕಲಮು.
ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ,
ಶ್ವಾಸಕೋಶದ ಬಗ್ಗೆ ಚೆನ್ನಾಗಿ ಬರೆದಿದ್ದರು.
ಬೆರಳುಗಳ ಬಗ್ಗೆ ಏನೂ ಇರಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಉತ್ತರ ಮೂರು ಬಗೆ:
ಪರ ಎಂದವರಿಗೆ ಒಂದು,
ವಿರೋಧ ಎಂದವರಿಗೆ ಒಂದು,
ಯಾವುದೆಂದು ತಿಳಿಯದವರಿಗೆ ಉದ್ದದ್ದೊಂದು.
ಮೂರರಲ್ಲೂ ಕೊನೆಯ ಸಾಲು ಒಂದೇ:
'ತಮ್ಮ ಕಳಕಳಿಯನ್ನು ಮಾನ್ಯ ಸಚಿವರ ಗಮನಕ್ಕೆ ತರಲಾಗಿದೆ.'
ತಂದವರು ಯಾರು, ಕೇಳಬೇಡಿ.
ಕರ್ಮಣಿ ಪ್ರಯೋಗ ಕಲಿಸಿದ ಮೇಷ್ಟ್ರಿಗೆ ನಾನು ಋಣಿ.

ಹದಿನೈದು ದಿನಕ್ಕೆ ಒಂದು ಉತ್ತರ ತಿರುಗಿ ಬಂತು.
ನಮ್ಮದೇ ಕಾಗದ, ನಮ್ಮದೇ ಲಾಂಛನ,
ಅಂಚಿನುದ್ದಕ್ಕೂ ನೀಲಿ ಬಾಲ್‌ಪೆನ್ನು:

"ಮಾನ್ಯರೇ, ನಾನು ವಾರಿಜಾ ಕೋಟ್ಯಾನ್, ವನಜಾ ಅಲ್ಲ.
ಊರು ಕಿನ್ಯ. ನಿಮ್ಮ ಕಾಗದ ಸಿಕ್ಕಿತು.
ಆಸ್ಯಮ್ಮನಿಗೂ ಸಿಕ್ಕಿತು, ಫಿಲ್ಲುಬಾಯಿಗೂ ಸಿಕ್ಕಿತು.
ಜಗಲಿಯಲ್ಲಿ ಸಾಲಾಗಿ ಇಟ್ಟು ನೋಡಿದೆವು, ಮೂರೂ ಒಂದೇ.
ನಮ್ಮ ಬ್ರಾಂಚಿಗೆ ಶನಿವಾರ ಚೆಕ್ಕರ್ ಬರುತ್ತಾನೆ.
ಕಟ್ಟಿನಿಂದ ಒಂದನ್ನು ಎಳೆದು ಹೆಬ್ಬೆರಳಲ್ಲಿ ಒತ್ತುತ್ತಾನೆ.
ಸಡಿಲವಿದ್ದರೆ ಮುರಿದು ಎಸೆದು ಮಜೂರಿ ಹಿಡಿಯುತ್ತಾನೆ.
ನಿಮ್ಮದನ್ನೂ ಒತ್ತಿ ನೋಡಿದೆ.
ಎಲೆ ಚೆನ್ನಾಗಿದೆ. ನೂಲೂ ಉಂಟು.
ಒಳಗೆ ಸೊಪ್ಪು ಹಾಕಲು ಮರೆತಿದ್ದೀರಿ.
ವಾಪಸು ಮಾಡಿದ್ದೇನೆ."

ಹಿಂಬದಿಗೆ ತಿರುಗಿಸಿದೆ.

"ನಮ್ಮವರು ಸೇದಿ ಸೇದಿಯೇ ಹೋದದ್ದು.
ಬೀಡಿ ನಿಲ್ಲಿಸಿದರೆ ನಾನು ಅಳುವವಳಲ್ಲ.
ನಿಲ್ಲಿಸಿದ ಮಾರನೆಯ ದಿನ
ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು?
ಹತ್ತೊಂಬತ್ತನೇ ಕಲಮಿನಲ್ಲಿ ಬೇರೆ ಕೆಲಸ ಉಂಟಂತೆ.
ಯಾವ ಕೆಲಸ? ಯಾವ ಊರಲ್ಲಿ?
ಬಸ್ಸು ಎಷ್ಟು ಗಂಟೆಗೆ?"

ಶಾಸಕರು ಬೆಂಗಳೂರಿನಿಂದ ಬಂದ ರಾತ್ರಿ
ಚಪ್ಪಲಿ ಕಳಚಿ, ಕಾಲು ಚಾಚಿ ಓದಿದರು.
"ಆ ಮನೆಯಲ್ಲಿ ಓಟು ಎಷ್ಟು ಮಾರಾಯಾ?"
ಅಭ್ಯಾಸ, ಬಾಯಿ ತಪ್ಪಿ ಬಂತು.
ಮತ್ತೆ ಓದಿದರು.
"ಹತ್ತೊಂಬತ್ತರಲ್ಲಿ ಏನುಂಟು?"
ತೆಗೆದು ಕೊಟ್ಟೆ. ಒಂದೂವರೆ ಸಾಲು:
'ಪರ್ಯಾಯ ಉದ್ಯೋಗ ಕಲ್ಪಿಸಲಾಗುವುದು.'
ಅಲ್ಲೂ ನನ್ನಂಥವನೊಬ್ಬ ಕುಳಿತಿದ್ದಾನೆ.

ಅವರು ಸದನದಲ್ಲಿ ಗುಡುಗಿದರು ಎಂದು ಬರೆಯಲಾರೆ.
ಮಸೂದೆ ಮುಂದಿನ ಅಧಿವೇಶನಕ್ಕೆ ಹೋಯಿತು,
ಬೇರೆ ಯಾರದೋ ಕಾರಣಕ್ಕೆ.
ಆದರೆ ಆ ರಾತ್ರಿ ಅವರೇ ಪೆನ್ನು ಕೇಳಿದರು.
ಎರಡು ಹಾಳೆ ಹರಿದರು. ಮೂರನೆಯದು ನಿಂತಿತು:

"ವಾರಿಜಾ ಅವರೇ,
ಯಾವ ಕೆಲಸ ಎಂದು ನನಗೆ ಗೊತ್ತಿಲ್ಲ.
ಬಸ್ಸು ಎಷ್ಟು ಗಂಟೆಗೆ ಎಂದೂ ಗೊತ್ತಿಲ್ಲ.
ಕೇಳುತ್ತೇನೆ."

ಟೈಪು ಮಾಡಿ ಕೊಡಲೇ ಎಂದೆ.
ಬೇಡ ಎಂದರು.
ಜಾವಕ ಪುಸ್ತಕದಲ್ಲಿ ೨೧೪ ಎಂದು ಬರೆದು
'ವಿಷಯ' ಎಂಬಲ್ಲಿ ಪೆನ್ನು ನಿಂತು,
ಖಾಲಿ ಬಿಟ್ಟೆ.

ಈಗ ಚೌತಿಯೂ ಕಳೆಯಿತು. ಅದು ವಾಪಸು ಬಂದಿಲ್ಲ.
ಒತ್ತಿ ನೋಡಿ ಪಾಸು ಮಾಡಿದಳೋ,
ಅಂಚೆಯಲ್ಲೇ ಎಲ್ಲೋ ಬಿತ್ತೋ.
ದಿನಾ ಹನ್ನೊಂದಕ್ಕೆ
ಐತಪ್ಪ ಟಪಾಲು ಬಿಚ್ಚುವಾಗ
ಅವನು ಮೂಗು ಮುಚ್ಚಿಕೊಳ್ಳುತ್ತಾನೆ,
ನಾನು ಮೂಗು ಮುಂದೆ ಮಾಡುತ್ತೇನೆ.