ಕಾಕಿ

ಹಟ್ಟಿ ಗಣಿಯ ಪರೀಕ್ಷಾಲಯಕ್ಕೆ
ವರ್ಷದ ವರದಿ ಬಂತು. ನನ್ನ ಹೆಸರಿನೆದುರು
ಸ್ವಭಾವ ಎಂಬ ಕಾಲಮ್ಮಿನಲ್ಲಿ, ನೀಲಿ ಶಾಯಿಯಲ್ಲಿ,
ಒಂದೇ ಇಂಗ್ಲಿಷ್ ಪದ: ಕಾಕಿ.

ಕಾಕಿ ಅಂದರೆ ನನಗೆ ಗೊತ್ತಿದ್ದವಳು ಒಬ್ಬಳೇ,
ಕಾಕಾನ ಹೆಂಡತಿ ದುರುಗಮ್ಮ,
ಲೈನ್ ಮನೆಗಳ ಹಿಂದೆ ಕೋಳಿ ಸಾಕುವವಳು.
ಸಾಹೇಬರಿಗೆ ಅವಳ ಪರಿಚಯ ಎಲ್ಲಿಯದು?

ಡಿಕ್ಷನರಿ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು,
ರಟ್ಟು ಹೋಗಿದೆ, ಅಕ್ಷರ ಇವೆ.
ಗುಣವಾಚಕ. ಸೊಕ್ಕಿನ, ಉದ್ಧಟ,
ತನ್ನನ್ನು ತಾನೇ ಅತಿಯಾಗಿ ನಂಬಿದ.
ಮೂಲ: ಹುಂಜ.

ಹುಂಜ!
ನಾನು ಮಾಡಿದ್ದಿಷ್ಟು:
ಟನ್ನಿಗೆ ಐದು ಗ್ರಾಂ ಎಂದು ಬರೆದಿದ್ದ ಅದಿರನ್ನು
ಮತ್ತೆ ಕುಲುಮೆಗೆ ಹಾಕಿ, ಮೂರು ಎಂದೆ.
ಎಲ್ಲರೆದುರು ಎಂದೆ, ಹೌದು.
"ಬೇಕಾದ್ರ ನೀವೇ ತೂಗಿ ನೋಡ್ರಿ" ಎಂದೂ ಎಂದೆ.
ಆ 'ಬೇಕಾದ್ರ'ದೊಳಗೆ ಒಂದು ಚಿಟಿಕೆ ಖುಷಿ ಇತ್ತು,
ಮುಚ್ಚಿಡುವುದಿಲ್ಲ.

ಪಕ್ಕದ ಮೇಜಿನ ಶರಣಪ್ರಸಾದ
ಹೋದ ವರ್ಷ ಇಂಥದೇ ಮಾತು ಇನ್ನೂ ಜೋರಾಗಿ ಆಡಿದ್ದ.
ಅವನ ಕಾಲಮ್ಮಿನಲ್ಲಿ ಕಾನ್ಫಿಡೆಂಟ್.
ಆ ಪದದ ಬೇರಿನಲ್ಲಿ ಯಾವ ಪಕ್ಷಿಯೂ ಇಲ್ಲ.

ಸಂಜೆ ಕಾಕಿಗೆ ಕಾಕಿಯ ಅರ್ಥ ಹೇಳಿದೆ.
ಜೋಳದ ನುಚ್ಚು ಚೆಲ್ಲುತ್ತಿದ್ದವಳು ನಕ್ಕು ನಕ್ಕು ಕೆಮ್ಮಿದಳು.
"ಹುಂಜ ಕೂಗಿದ್ರ ಬೆಳಗು ಅಂತಾರ,
ಹ್ಯಾಂಟಿ ಕೂಗಿದ್ರ ಮನಿಗೆ ಕೇಡು ಅಂತಾರ.
ನಂದೊಂದು ಕೂಗಿತ್ತು, ನೀ ಸಣ್ಣಾಕಿ ಇದ್ದಿ.
ಕೊಯ್ಯಿ ಅಂದ್ಳು ಅತ್ತಿ. ನಾ ಬುಟ್ಟಿ ಕವುಚಿಟ್ಟೆ.
ಎರಡು ವರ್ಷ ತತ್ತಿ ಇಟ್ಟಿತು,
ಅತ್ತೀನೂ ತಿಂದ್ಳು."
ಆಮೇಲೆ, ತಡೆದು:
"ಆದ್ರ ಕುಕ್ಕತಿತ್ತು ಬಿಡು, ಸುಮ್‌ಸುಮ್ನ."

ಹಟ್ಟಿಯಲ್ಲಿ ಬೆಳಗು ಮಾಡುವುದು ಸೈರನ್.
ಹುಂಜವೋ ಹೇಂಟೆಯೋ, ಕೂಗಲಿ ಬಿಡಲಿ,
ಮೊದಲ ಪಾಳಿಯವರು ಕತ್ತಲಿಗೆ ಇಳಿಯುತ್ತಾರೆ.

ಇವತ್ತು ಅದೇ ಅದಿರು, ಮೂರನೆಯ ಸಲ.
ಸೀಸವನ್ನೆಲ್ಲ ಬೂದಿಬಟ್ಟಲು ಹೀರಿದ ಮೇಲೆ
ಸಾಸಿವೆಗಿಂತ ಸಣ್ಣ ಮಣಿ ಉಳಿಯಿತು.
ಇಕ್ಕಳದಲ್ಲಿ ಹಿಡಿದು ತಕ್ಕಡಿಗಿಟ್ಟೆ,
ಉಸಿರು ಬಿಗಿಹಿಡಿದು;
ಅದರೆದುರು ನಿಟ್ಟುಸಿರು ಬಿಟ್ಟರೂ ಅಂಕಿ ಸುಳ್ಳಾಗುತ್ತದೆ.
ಮೂರಲ್ಲ. ಮೂರು ಪಾಯಿಂಟ್ ನಾಲ್ಕು.
ಪುಸ್ತಕದಲ್ಲಿ ನನ್ನ ಮೂರನ್ನು ಹೊಡೆದುಹಾಕಿದೆ,
ಅದನ್ನೂ ಎಲ್ಲರೆದುರೇ ಓದಿದೆ.
ಗಂಟಲು ಸ್ವಲ್ಪ ಒಣಗಿತ್ತು.

ವರದಿಯ ಕೆಳಗೆ 'ನೌಕರರ ಸಹಿ' ಎಂಬ ಗೆರೆ.
ಸಹಿ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ:
ಪದ ನೋಡಿದೆ. ಮರುಪರೀಕ್ಷೆಗೆ ಕಳಿಸಿರಿ.