ಐದರ ಮಗ್ಗಿ

ಕಡಲಿಗೆ ಮುನ್ನೂರು ಕಿಲೋಮೀಟರು ದೂರ,
ಅಲೆಯ ಮಟ್ಟದಿಂದ ಮೂರು ಸಾವಿರ ಅಡಿ ಮೇಲೆ,
ವೈಟ್‌ಫೀಲ್ಡಿನಾಚೆ ಒಂದು ಒಣ ಬಂದರಿನ ಗೇಟಿನಲ್ಲಿ
ಸ್ಟಾಪ್‌ವಾಚು ಹಿಡಿದು ಕೂತಿದ್ದೇನೆ.
ಅಲೆಯಿಲ್ಲ. ಕಂಟೇನರಿನ ತಗಡಿಗೆ ಮಾತ್ರ
ಎಲ್ಲಿಯದೋ ಉಪ್ಪಿನ ತುಕ್ಕು.

ನನ್ನ ಕೆಲಸ ಇಷ್ಟು: ಇಡೀ ಬಂದರನ್ನು ಕಂಪ್ಯೂಟರಿನೊಳಗೆ ಕಟ್ಟಿ
ಒಂದೇ ರಾತ್ರಿಯಲ್ಲಿ ಒಂದು ವರ್ಷ ಓಡಿಸುವುದು,
ಅಳಿಸಿ, ಬೇರೆ ಬೀಜ ಬಿತ್ತಿ, ಇನ್ನೊಂದು ವರ್ಷ,
ಹೀಗೆ ನೂರು ವರ್ಷ; ಒಂದಕ್ಕೂ ಯುಗಾದಿಯಿಲ್ಲ.
ಮೊದಲ ಎರಡು ವಾರ ಎಸೆದುಬಿಡಬೇಕು. ಆಗ ಬಂದರು ಖಾಲಿ,
ಖಾಲಿ ಬಂದರಿನಲ್ಲಿ ಯಾರೂ ಕಾಯುವುದಿಲ್ಲ,
ಯಾರೂ ಕಾಯದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಗೇಟಿನ ಪುಸ್ತಕ ಪಿಳ್ಳಮುನಿಯಪ್ಪನವರದು.
ಉದ್ದ ರಿಜಿಸ್ಟರು, ರಟ್ಟಿಗೆ ಹಳೇ ಕ್ಯಾಲೆಂಡರಿನ ಹೊದಿಕೆ.
ಹದಿನೆಂಟು ತಿಂಗಳ ಪುಟಗಳ ಫೋಟೋ ತೆಗೆದು
ಒಂದೊಂದೇ ಸಾಲು ಟೈಪು ಮಾಡಿದ್ದೆ:
ಲಾರಿ ನಂಬರು, ಒಳಗೆ, ಹೊರಗೆ.
ಗ್ರಾಫು ಬಿಡಿಸಿದಾಗ ನಗು ಬಂತು.
ಎಲ್ಲ ಲಾರಿಯೂ ಐದರ ಮಗ್ಗಿ ಕಲಿತೇ ಬಂದಿವೆ:
ಹತ್ತು ಐದು, ಹತ್ತು ಹತ್ತು, ಹತ್ತು ಹದಿನೈದು.
ಹತ್ತು ಗಂಟೆ ಏಳು ನಿಮಿಷ ಎಂಬುದು
ಈ ಊರಿನಲ್ಲಿ ಹುಟ್ಟಿಯೇ ಇಲ್ಲ.

ಅದಕ್ಕೇ ಈ ಸ್ಟಾಪ್‌ವಾಚು, ಈ ಪ್ಲಾಸ್ಟಿಕ್ ಕುರ್ಚಿ.

"ಕಂಪ್ಯೂಟರಲ್ಲಿ ಹಡಗು ಹೆಂಗಿರ್ತದಮ್ಮ?"
"ಬರೀ ನಂಬರು ಸಾರ್. ಬರ್ತದೆ, ಕಾಯ್ತದೆ, ಹೋಗ್ತದೆ."
"ಅಂಗಾದ್ರೆ ಲಾರಿನೇ ಬಿಡು" ಅಂದು
ಬೈ ಟೂ ಟೀಯಲ್ಲಿ ನನ್ನ ಪಾಲು ಸರಿಸಿದರು.

ಮೂರನೇ ದಿನ ಕಂಡೆ.
ಗ್ರಾನೈಟ್ ಹೊತ್ತ ಲಾರಿ, ನನ್ನ ಗಡಿಯಾರದಲ್ಲಿ ಒಂಬತ್ತು ನಲವತ್ತೊಂದು;
ಪುಸ್ತಕದಲ್ಲಿ ಹತ್ತು ಐದು.
ಮೂರು ಗಂಟೆ ಮೀರಿದರೆ ದಂಡ, ಅದೂ ಡ್ರೈವರ್ ಕೂಲಿಯಲ್ಲೇ.
ಕ್ರೇನು ಇರುವುದೊಂದೇ, ಅದಕ್ಕೂ ಮಧ್ಯಾಹ್ನವಾದರೆ ಜ್ವರ.
ಪಿಳ್ಳಮುನಿಯಪ್ಪ ಮುಖ ನೋಡುತ್ತಾರೆ, ಕಿವಿಯಿಂದ ಪೆನ್ನು ತೆಗೆಯುತ್ತಾರೆ,
ಗಡಿಯಾರ ನೋಡುವುದೇ ಇಲ್ಲ.
ಜಬೀವುಲ್ಲಾಗೆ ಹದಿನೈದು ನಿಮಿಷ, ಹೊಸ ಹುಡುಗ ಸೆಲ್ವಮಣಿಗೆ ಇಪ್ಪತ್ತೈದು,
ಕಂಪನಿಯ ಸ್ವಂತ ಲಾರಿಗೆ ಸೊನ್ನೆ.

ಭಾನುವಾರ ಅವರ ರಜೆ. ಅವತ್ತು ಸರಾಸರಿ
ಧುತ್ತನೆ ಏರುವುದನ್ನು ನಾನು ಮೊದಲೇ ಗಮನಿಸಿದ್ದೆ;
ವಾರಾಂತ್ಯದ ಟ್ರಾಫಿಕ್ಕು ಎಂದು
ಎರಡು ಪುಟ ವಿವರಣೆಯನ್ನೂ ಬರೆದಿದ್ದೆ.

ಅಡ್ಡಾದಿಡ್ಡಿ ತಪ್ಪುಗಳು ಒಂದನ್ನೊಂದು ತಿಂದು ಸೊನ್ನೆಯಾಗುತ್ತವೆ.
ಇದು ಹಾಗಲ್ಲ, ಒಂದೇ ಕಡೆ ವಾಲುವ ತಪ್ಪು;
ಸಾವಿರ ಲಾರಿ ಸೇರಿಸಿ, ಲಕ್ಷ ಸೇರಿಸಿ,
ತಕ್ಕಡಿ ವಾಲಿದ ಕಡೆಗೇ ವಾಲಿರುತ್ತದೆ.

ಹೇಳಿದರೆ ಅವರ ಕೆಲಸ ಹೋಗುತ್ತದೆ.
ಹೇಳದಿದ್ದರೆ ನನ್ನ ಬಂದರು ನಿಜಕ್ಕಿಂತ ಚುರುಕು,
ಎರಡನೇ ಕ್ರೇನು ಬೇಡ ಎನ್ನುತ್ತದೆ ವರದಿ,
ಲಾರಿಗಳ ಸಾಲು ಇನ್ನೂ ಉದ್ದ ಬೆಳೆಯುತ್ತದೆ,
ಅವರು ಇನ್ನಷ್ಟು ತಿದ್ದಬೇಕಾಗುತ್ತದೆ.

ಆ ರಾತ್ರಿ ಲೆಕ್ಕಕ್ಕೆ ಹತ್ತೊಂಬತ್ತು ನಿಮಿಷ ಸೇರಿಸಿದೆ,
ಅಂಕಣಕ್ಕೆ ಹೆಸರಿಡಲು ಹೊರಟು ಬಿಟ್ಟೆ.
ವರದಿಯ ಅಡಿಟಿಪ್ಪಣಿಯಲ್ಲಿ: ಗೇಟಿನ ಗಡಿಯಾರ ನಿಧಾನ.
ಇನ್ನೊಂದು ಕ್ರೇನು ಬೇಕು.

ಕ್ರೇನಿನ ಕಡತ ಇನ್ನೂ ಕಾಯುತ್ತಿದೆ.
ಗಡಿಯಾರ ಮಾತ್ರ ವಾರದಲ್ಲೇ ಬಂತು,
ಕೆಂಪು ಅಂಕಿಯದು, ಸೆಕೆಂಡೂ ತೋರಿಸುತ್ತದೆ.
ಅವರ ಕುರ್ಚಿಯ ಹಿಂದಿನ ಗೋಡೆಗೆ ಹೊಡೆದಿದ್ದಾರೆ.

"ನಿಧಾನ ಅಂತ ನೀನೇ ಬರೆದ್ಯಂತಲ್ಲಮ್ಮ?"
ಹೂಂ ಅಂದೆ.
"ಇರಬೌದು, ಇರಬೌದು" ಎನ್ನುತ್ತ
ಹತ್ತು ಇಪ್ಪತ್ತೇಳಕ್ಕೆ ಬಂದ ಲಾರಿಗೆ
ಹತ್ತು ನಲವತ್ತೈದು ಬರೆದರು.